ಕೊಳಚೆ ನೀರಿನಿಂದ ಕರೆಂಟ್: ಎಷ್ಟು ಸಿಗುತ್ತದೆ, ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆಯ ಅಪಾರ್ಟ್‌ಮೆಂಟ್. 360 ಮನೆಗಳಿವೆ. ದಿನಕ್ಕೆ 200 ಕಿಲೋಲೀಟರ್ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ ಇದೆ. ಅದರ ಕರೆಂಟ್ ಬಿಲ್ಲೇ ಅಸೋಸಿಯೇಷನ್‌ಗೆ ದೊಡ್ಡ ತಲೆನೋವು. ಈಚೆಗೆ ಒಬ್ಬರು ಬಂದು, "ಇದೇ ಕೊಳಚೆಯಿಂದ ಬಯೋಗ್ಯಾಸ್ ತೆಗೆದು ಜನರೇಟರ್ ಓಡಿಸೋಣ, ಎಸ್‌ಟಿಪಿ ಬಿಲ್ ಸೊನ್ನೆಯಾಗುತ್ತದೆ, ಯುರೋಪಿನಲ್ಲಿ ಹೀಗೇ ಮಾಡುತ್ತಾರೆ" ಎಂದರು. ಇದು ನಿಜವಾ? ನಿಜವಾದರೆ ನಮ್ಮ ಊರಿನ ದೊಡ್ಡ ಘಟಕಗಳಲ್ಲೆಲ್ಲ ಯಾಕೆ ಮಾಡುವುದಿಲ್ಲ?

ಉತ್ತರ: ಅವರು ಹೇಳಿದ್ದರಲ್ಲಿ ಅರ್ಧ ನಿಜ. ಊರಿನ ದೊಡ್ಡ ಘಟಕಗಳಲ್ಲಿ ಕೊಳಚೆಯಿಂದ ಗ್ಯಾಸ್, ಗ್ಯಾಸಿನಿಂದ ಕರೆಂಟ್ ತೆಗೆಯಬಹುದು, ತೆಗೆಯುತ್ತಲೂ ಇದ್ದಾರೆ. ಇದು ಹೊಸ ವಿದ್ಯೆಯೂ ಅಲ್ಲ. 1895ರಲ್ಲೇ ಇಂಗ್ಲೆಂಡಿನ ಎಕ್ಸೆಟರ್ ಊರಿನಲ್ಲಿ ಡೊನಾಲ್ಡ್ ಕ್ಯಾಮರಾನ್ ಎಂಬ ಇಂಜಿನಿಯರ್ ಕೊಳಚೆ ತೊಟ್ಟಿಯ ಗ್ಯಾಸಿನಿಂದ ದೀಪ ಉರಿಸಿದ್ದರು. ಆದರೆ ನಿಮ್ಮ ಎಸ್‌ಟಿಪಿಯಲ್ಲಿ ಈ ಲೆಕ್ಕ ಕೂಡುವುದಿಲ್ಲ. ದಯವಿಟ್ಟು ಇದಕ್ಕೆ ದುಡ್ಡು ಹಾಕಬೇಡಿ. ನಿಮ್ಮ ಬಿಲ್ ಇಳಿಸಲು ಬೇರೆ ದಾರಿ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಲೆಕ್ಕ ನೋಡೋಣ. ಒಮ್ಮೆ ಅರ್ಥವಾದರೆ ಯಾರು ಬಂದು ಏನು ಹೇಳಿದರೂ ನೀವೇ ತೂಗಿ ನೋಡಬಹುದು.

ಕೊಳಚೆ ನೀರಿನಲ್ಲಿ ಶಕ್ತಿ ಇರುವುದು ಅದರೊಳಗಿನ ಕೊಳೆಯಲ್ಲಿ. ಮಲ, ಅನ್ನದ ಗಂಜಿ, ಎಣ್ಣೆ, ಸೋಪು, ಕಾಗದ, ಎಲ್ಲವೂ ಉರಿಯಬಲ್ಲ ವಸ್ತುಗಳೇ. ಇದನ್ನು ಅಳೆಯಲು ಸಿಓಡಿ ಎಂಬ ಅಳತೆ ಇದೆ. ನಿಮ್ಮ ಎಸ್‌ಟಿಪಿಯ ಲ್ಯಾಬ್ ವರದಿಯಲ್ಲಿ ಆ ಅಂಕಿ ಇರುತ್ತದೆ. ಆ ಕೊಳೆಯನ್ನು ರಾಸಾಯನಿಕವಾಗಿ ಪೂರ್ತಿ ಸುಡಲು ಎಷ್ಟು ಆಮ್ಲಜನಕ ಬೇಕು ಎನ್ನುವುದನ್ನು ಅದು ಹೇಳುತ್ತದೆ. ಒಂದು ಕಿಲೋ ಸಿಓಡಿಯಲ್ಲಿ, ಅಂದರೆ ಒಂದು ಕಿಲೋ ಆಮ್ಲಜನಕ ಬೇಡುವಷ್ಟು ಕೊಳೆಯಲ್ಲಿ, ಸುಮಾರು 3.8 ಯೂನಿಟ್ ಶಕ್ತಿ ಅಡಗಿದೆ. ಲೀಟರಿಗೆ 500 ಮಿಲಿಗ್ರಾಂ ಸಿಓಡಿ ಇರುವ ಕೊಳಚೆ ಎಂದು ಹಿಡಿಯೋಣ. ಆಗ ಒಂದು ಕಿಲೋಲೀಟರಿನಲ್ಲಿ (ಸಾವಿರ ಲೀಟರಿನಲ್ಲಿ) ಅರ್ಧ ಕಿಲೋ, ಅಂದರೆ 1.9 ಯೂನಿಟ್. ದೊಡ್ಡ ಘಟಕದಲ್ಲಿ ಆ ಕಿಲೋಲೀಟರನ್ನು ಶುದ್ಧ ಮಾಡಲು ಖರ್ಚಾಗುವುದು 0.3ರಿಂದ 0.6 ಯೂನಿಟ್. ಒಳಗಿರುವ ಶಕ್ತಿ ಖರ್ಚಿಗಿಂತ ಮೂರು ಪಟ್ಟು, ಆರು ಪಟ್ಟು ಜಾಸ್ತಿ!

ಮಾರಲು ಬಂದವರು ಸಾಮಾನ್ಯವಾಗಿ ಲೆಕ್ಕ ನಿಲ್ಲಿಸುವುದು ಇಲ್ಲಿಯೇ. ಮುಂದಿನ ಭಾಗವೇ ಮುಖ್ಯ.

ಎಸ್‌ಟಿಪಿಯಲ್ಲಿ ನಾವು ಮಾಡುವ ದೊಡ್ಡ ಕೆಲಸ ಎಂದರೆ ಗಾಳಿ ಊದುವುದು. ಬ್ಲೋವರ್ ಗಾಳಿ ತಳ್ಳುತ್ತದೆ, ಸೂಕ್ಷ್ಮಜೀವಿಗಳು ಆ ಆಮ್ಲಜನಕ ತೆಗೆದುಕೊಂಡು ಕೊಳೆಯನ್ನು ತಿನ್ನುತ್ತವೆ. ತಿಂದದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಉಳಿದದ್ದು ಅವುಗಳ ಮೈಯಾಗುತ್ತದೆ. ಆ ಮೈಯೇ ಸ್ಲಡ್ಜ್. ನೋಡಿ, ಕರೆಂಟ್ ಖರ್ಚು ಮಾಡಿ, ಕರೆಂಟ್ ಆಗಬಹುದಾಗಿದ್ದ ಕೊಳೆಯನ್ನೇ ಸುಟ್ಟು ಹಾಕುತ್ತಿದ್ದೇವೆ. ಘಟಕದ ಒಟ್ಟು ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಊದುವ ಕೆಲಸಕ್ಕೇ ಹೋಗುತ್ತದೆ. ಹಾಗಾಗಿ ಶಕ್ತಿ ಬೇಕೆಂದರೆ ಗಾಳಿ ಊದುವ ಮೊದಲೇ ಕೊಳೆಯನ್ನು ಹಿಡಿಯಬೇಕು. ಇಡೀ ವಿಷಯದ ಬೇರು ಇಷ್ಟೇ.

ದೊಡ್ಡ ಘಟಕಗಳಲ್ಲಿ ಇದಕ್ಕೆ ಒಂದು ಹಳೆಯ, ಸರಳ ಉಪಾಯ ಇದೆ. ನೀರನ್ನು ಗಾಳಿ ತೊಟ್ಟಿಗೆ ಬಿಡುವ ಮೊದಲು ಎರಡು ಗಂಟೆ ಸುಮ್ನೆ ನಿಲ್ಲಿಸುತ್ತಾರೆ. ಸುಮಾರು ಮೂರನೇ ಒಂದು ಭಾಗದಷ್ಟು ಕೊಳೆ ತಾನೇ ತಳಕ್ಕೆ ಕೂರುತ್ತದೆ. ಅದಿನ್ನೂ ಹಸಿ ಕೊಳೆ, ಸಾರ ಪೂರ್ತಿ ಉಳಿದಿರುತ್ತದೆ. ಇದನ್ನೂ, ಗಾಳಿ ತೊಟ್ಟಿಯಿಂದ ಬಂದ ಸ್ಲಡ್ಜನ್ನೂ ಸೇರಿಸಿ ಗಾಳಿಯಾಡದ ದೊಡ್ಡ ಮುಚ್ಚಿದ ತೊಟ್ಟಿಗೆ ಹಾಕುತ್ತಾರೆ. ಅದಕ್ಕೆ ಡೈಜೆಸ್ಟರ್ ಎನ್ನುತ್ತಾರೆ. ಊರ ಕಡೆ ಗೋಬರ್ ಗ್ಯಾಸ್ ಗುಂಡಿ ನೋಡಿದ್ದೀರಲ್ಲ, ಕೆಲಸ ಅದೇ. 35ರಿಂದ 37 ಡಿಗ್ರಿ ಬಿಸಿಯಲ್ಲಿ ಇಪ್ಪತ್ತು ದಿನದ ಆಸುಪಾಸು ಇಟ್ಟರೆ ಅರ್ಧದಷ್ಟು ಗ್ಯಾಸ್ ಆಗುತ್ತದೆ. ಆ ಗ್ಯಾಸಿನಲ್ಲಿ ನೂರಕ್ಕೆ 60ರಿಂದ 65 ಭಾಗ ಮೀಥೇನ್, ಉರಿಯುವುದು ಇದೇ.

ಈಗ ದಿನಕ್ಕೆ 100 ಎಂಎಲ್‌ಡಿ, ಅಂದರೆ ಹತ್ತು ಕೋಟಿ ಲೀಟರ್ ಬರುವ ಒಂದು ಘಟಕದ ಲೆಕ್ಕ ಹಾಕೋಣ. ಒಳಗೆ ಬರುವ ಸಿಓಡಿ ದಿನಕ್ಕೆ 50 ಟನ್. ಅದರಲ್ಲಿ ಡೈಜೆಸ್ಟರ್‌ಗೆ ಹೋಗಿ ನಿಜವಾಗಿ ಮೀಥೇನ್ ಆಗುವುದು ಕಾಲು ಭಾಗಕ್ಕಿಂತ ತುಸು ಹೆಚ್ಚು, 14 ಟನ್ ಎನ್ನೋಣ. ಒಂದು ಕಿಲೋ ಸಿಓಡಿಗೆ 0.35 ಘನ ಮೀಟರ್ ಮೀಥೇನ್ ಸಿಗುತ್ತದೆ. ಒಟ್ಟು 4,900 ಘನ ಮೀಟರ್. ಒಂದು ಘನ ಮೀಟರಿಗೆ ಹತ್ತು ಯೂನಿಟ್ ಶಾಖ. ಗ್ಯಾಸ್ ಇಂಜಿನ್ ಅದರಲ್ಲಿ ನೂರಕ್ಕೆ 38ರಷ್ಟನ್ನು ಕರೆಂಟ್ ಮಾಡಿದರೆ ದಿನಕ್ಕೆ ಸುಮಾರು 18,600 ಯೂನಿಟ್. ಘಟಕಕ್ಕೆ ಬೇಕಾದದ್ದು 35,000 ಯೂನಿಟ್ ಆಸುಪಾಸು. ಅರ್ಧ ಬಿಲ್ ಇಳಿಯಿತು. ಇದು ಸಣ್ಣ ಮಾತಲ್ಲ. ಆದರೆ ಸೊನ್ನೆಯೂ ಆಗಲಿಲ್ಲ.

ಅರ್ಧದಿಂದ ಪೂರ್ತಿಗೆ ಹೋದವರೂ ಇದ್ದಾರೆ. ಆಸ್ಟ್ರಿಯಾದ ಸ್ಟ್ರಾಸ್ ಎಂಬ ಸಣ್ಣ ಊರಿನ ಘಟಕ 2005ರ ಹೊತ್ತಿಗೆ ತನಗೆ ಬೇಕಾದ್ದಕ್ಕಿಂತ ಜಾಸ್ತಿ ಕರೆಂಟ್ ಮಾಡಿತು. ಅಲ್ಲಿ ಮೊದಲ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳಿಗೆ ತೀರಾ ಕಡಿಮೆ ಸಮಯ ಕೊಡುತ್ತಾರೆ. ಅವು ಕೊಳೆಯನ್ನು ಮೈಗೆ ಅಂಟಿಸಿಕೊಳ್ಳುತ್ತವೆ, ಆದರೆ ತಿಂದು ಮುಗಿಸಲು ಪುರುಸೊತ್ತಿಲ್ಲ. ಅಷ್ಟರಲ್ಲೇ ಅವನ್ನು ತೆಗೆದು ಡೈಜೆಸ್ಟರ್‌ಗೆ ಕಳಿಸುತ್ತಾರೆ. ಅಮೆರಿಕದ ಓಕ್‌ಲೆಂಡಿನಲ್ಲಿ ದಾರಿ ಬೇರೆ. ಹೋಟೆಲುಗಳ ಆಹಾರ ತ್ಯಾಜ್ಯ, ಜಿಡ್ಡು, ವೈನ್ ಕಾರ್ಖಾನೆಗಳ ತ್ಯಾಜ್ಯವನ್ನು ಲಾರಿಯಲ್ಲಿ ತಂದು ಡೈಜೆಸ್ಟರ್‌ಗೆ ಸುರಿದರು. 2012ರಲ್ಲಿ ಉತ್ತರ ಅಮೆರಿಕದಲ್ಲೇ ಮೊದಲ ಬಾರಿಗೆ ಬಳಸುವುದಕ್ಕಿಂತ ಜಾಸ್ತಿ ಕರೆಂಟ್ ಮಾಡುವ ಘಟಕವಾಯಿತು. ವಾಷಿಂಗ್ಟನ್ನಿನ ಬ್ಲೂ ಪ್ಲೇನ್ಸ್ ಘಟಕದಲ್ಲಿ 2015ರಿಂದ ಸ್ಲಡ್ಜನ್ನು ಮೊದಲು ದೊಡ್ಡ ಪ್ರೆಷರ್ ಪಾತ್ರೆಗಳಲ್ಲಿ ಬೇಯಿಸಿ ಆಮೇಲೆ ಡೈಜೆಸ್ಟರ್‌ಗೆ ಕೊಡುತ್ತಾರೆ. ಸೂಕ್ಷ್ಮಜೀವಿಗಳ ಗಟ್ಟಿ ಹೊದಿಕೆ ಒಡೆಯುತ್ತದೆ, ಗ್ಯಾಸ್ ಜಾಸ್ತಿ ಬರುತ್ತದೆ. ಹಾಗಿದ್ದೂ ಆ ಬೃಹತ್ ಘಟಕದ ಅಗತ್ಯದ ಮೂರನೇ ಒಂದು ಭಾಗ ಮಾತ್ರ ಇದರಿಂದ ತುಂಬುತ್ತದೆ. ಯುರೋಪು, ಅಮೆರಿಕದಲ್ಲಿ ಎಲ್ಲ ಕಡೆ ಬಿಲ್ ಸೊನ್ನೆ ಎನ್ನುವುದು ಸರಿಯಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಕೊಳಚೆಯ ಬಿಸಿಯಿಂದಲೂ ಶಕ್ತಿ ತೆಗೆಯುತ್ತಾರೆ. ಸ್ಟಾಕ್‌ಹೋಮಿನ ಹಮ್ಮರ್‌ಬಿಯಲ್ಲಿ, ವ್ಯಾಂಕೂವರಿನ ಫಾಲ್ಸ್ ಕ್ರೀಕ್‌ನಲ್ಲಿ ಹೀಟ್ ಪಂಪ್ ಇಟ್ಟು ಮನೆಗಳನ್ನು ಬೆಚ್ಚಗಿಡುತ್ತಾರೆ. ಬೆಂಗಳೂರಿಗೆ ಅದು ಬೇಡ. ಜೋರ್ಡಾನಿನ ಅಸ್-ಸಮ್ರಾ ಘಟಕ ಮಾತ್ರ ನನಗೆ ಬಹಳ ಇಷ್ಟ. ಅಮ್ಮಾನ್ ನಗರ ಎತ್ತರದಲ್ಲಿದೆ, ಘಟಕ ತಗ್ಗಿನಲ್ಲಿದೆ. ಕೊಳಚೆ ಇಳಿದು ಬರುವ ರಭಸಕ್ಕೆ ಟರ್ಬೈನ್ ಕೂರಿಸಿದ್ದಾರೆ, ಶುದ್ಧವಾದ ನೀರು ಹೊರಗೆ ಇಳಿಯುವಲ್ಲೂ ಟರ್ಬೈನ್ ಇದೆ. ಇದಕ್ಕೆ ಬಯೋಗ್ಯಾಸ್ ಸೇರಿ ಬೇಕಾದ ಕರೆಂಟಿನ ಬಹುಪಾಲು ಅಲ್ಲೇ ಹುಟ್ಟುತ್ತದೆ. ನೆಲ ಕೊಟ್ಟ ಅನುಕೂಲವನ್ನು ಅವರು ಬಿಡಲಿಲ್ಲ.

ನಮ್ಮ ದೇಶದಲ್ಲಿ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಚೆನ್ನೈನ ಕೊಡುಂಗೈಯೂರು, ಕೋಯಂಬೇಡು, ನೆಸಪಾಕ್ಕಂ, ಪೆರುಂಗುಡಿ ಘಟಕಗಳಲ್ಲಿ 2000ದ ದಶಕದಲ್ಲೇ ಗ್ಯಾಸ್ ಇಂಜಿನ್‌ಗಳು ಬಂದವು. ಸೂರತ್ತಿನ ಅಂಜನಾ ಘಟಕ ಅದೇ ದಶಕದ ಮೊದಲಲ್ಲಿ ಅರ್ಧ ಮೆಗಾವಾಟ್ ಇಂಜಿನ್ ಇಟ್ಟಿತು. ಜೈಪುರದ ದೆಲಾವಾಸ್ ಘಟಕದಲ್ಲೂ ಇದೆ. ದೆಹಲಿಯ ಓಖ್ಲಾದಿಂದ ಕೊಳಚೆ ಗ್ಯಾಸು ಹಲವು ದಶಕಗಳ ಹಿಂದೆಯೇ ಮನೆಗಳ ಒಲೆಗೆ ಹೋಗುತ್ತಿತ್ತು. ಬೆಂಗಳೂರಿನಲ್ಲೂ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಡೈಜೆಸ್ಟರ್ ಇರುವ ಘಟಕ ಇದೆ. ನಮಗೆ ಒಂದು ಅನುಕೂಲ ಹುಟ್ಟಿನಿಂದಲೇ ಇದೆ. ಯುರೋಪಿನ ಚಳಿಗಾಲದಲ್ಲಿ ಕೊಳಚೆ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ. ಡೈಜೆಸ್ಟರನ್ನು ಬೆಚ್ಚಗಿಡಲೇ ಅವರು ಬಹಳ ಶಾಖ ಸುರಿಯಬೇಕು. ನಮ್ಮ ನೀರು ಇಪ್ಪತ್ತೈದರ ಆಸುಪಾಸಿನಲ್ಲೇ ಇರುತ್ತದೆ. ಇಂಜಿನ್ನಿನ ಬಿಸಿಯೇ ಸಾಕು.

ಹಾಗಾದರೆ ಎಲ್ಲ ಘಟಕಗಳಲ್ಲೂ ಯಾಕಿಲ್ಲ? ಕಾರಣಗಳು ತಂತ್ರಜ್ಞಾನದಲ್ಲಿ ಕಡಿಮೆ, ವ್ಯವಸ್ಥೆಯಲ್ಲಿ ಜಾಸ್ತಿ ಎಂದು ನನ್ನ ಅಭಿಪ್ರಾಯ.

ಮೊದಲನೆಯದು ನಮ್ಮ ಕೊಳಚೆ ತೆಳು. ಮಳೆ ನೀರು ಒಳಚರಂಡಿಗೆ ಸೇರುತ್ತದೆ. ಒಳಚರಂಡಿ ನೀರು ರಾಜಕಾಲುವೆಗೆ ಸೇರುತ್ತದೆ. ತೆರೆದ ಕಾಲುವೆಯಲ್ಲಿ ಕಿಲೋಮೀಟರ್‌ಗಟ್ಟಲೆ ಹರಿದು ಘಟಕಕ್ಕೆ ಬರುವಷ್ಟರಲ್ಲಿ ಕೊಳೆಯ ಒಂದು ಭಾಗ ದಾರಿಯಲ್ಲೇ ಕೊಳೆತು ಹೋಗಿರುತ್ತದೆ. ನಾನು ಮೇಲೆ ಹಿಡಿದ 500ರ ಬದಲು 300 ಬಂದರೆ ಗ್ಯಾಸೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಅದರ ಜೊತೆಗೆ ಮರಳು ಬರುತ್ತದೆ. ರಸ್ತೆ ಬದಿಯ ಮಣ್ಣು, ಕಟ್ಟಡ ಕೆಲಸದ ಮರಳು, ಪಾತ್ರೆ ತೊಳೆದ ಬೂದಿ. ಮೊದಲ ಹಂತದಲ್ಲೇ ಇದನ್ನು ಹಿಡಿಯದಿದ್ದರೆ ಎಲ್ಲವೂ ಡೈಜೆಸ್ಟರಿನ ತಳ ಸೇರುತ್ತದೆ. ಒಂದು ಘಟಕದಲ್ಲಿ ಡೈಜೆಸ್ಟರ್ ಖಾಲಿ ಮಾಡಿಸಿದಾಗ ತಳದಲ್ಲಿ ಆಳೆತ್ತರದ ಕರಿ ಮರಳು ಗಟ್ಟಿಯಾಗಿ ಕೂತಿದ್ದನ್ನು ನೋಡಿದ್ದೇನೆ. ಇಪ್ಪತ್ತು ದಿನ ಇರಬೇಕಾದ ಸ್ಲಡ್ಜ್ ಅಲ್ಲಿ ಹತ್ತು ಹನ್ನೆರಡು ದಿನಕ್ಕೇ ಹೊರಗೆ ಬರುತ್ತಿತ್ತು. ಗ್ಯಾಸ್ ಯಾಕೆ ಕಡಿಮೆ ಎಂದು ಎಲ್ಲರೂ ಇಂಜಿನ್ ಕಡೆ ನೋಡುತ್ತಿದ್ದರು.

ಇಂಜಿನ್ನಿನ ತೊಂದರೆಯೂ ಇಲ್ಲವೆಂದಲ್ಲ. ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಅದು ಲೋಹವನ್ನು ತಿನ್ನುತ್ತದೆ. ಇನ್ನೊಂದು ಸಿಲೋಕ್ಸೇನ್. ನಮ್ಮ ಶಾಂಪೂ, ಕಂಡಿಷನರ್, ಕ್ರೀಮುಗಳಲ್ಲಿ ಇರುವ ಸಿಲಿಕಾನ್ ವಸ್ತು ಇದು. ಗ್ಯಾಸಿನ ಜೊತೆ ಇಂಜಿನ್ನಿಗೆ ಬಂದು ಸುಟ್ಟು ಸಿಲಿಕಾ ಆಗುತ್ತದೆ. ಇಂಜಿನ್ ಹೆಡ್ ಬಿಚ್ಚಿದರೆ ಪಿಸ್ಟನ್ ಮೇಲೆ, ವಾಲ್ವ್ ಸುತ್ತ ಬೆಳ್ಳಗೆ ಗಟ್ಟಿ ಪದರ ಕೂತಿರುತ್ತದೆ. ಬೆರಳಲ್ಲಿ ಉಜ್ಜಿದರೆ ಸಣ್ಣ ಮರಳಿನ ಹಾಗೆ ಸಿಗುತ್ತದೆ. ಸ್ಕ್ರಬ್ಬರ್, ಆಕ್ಟಿವೇಟೆಡ್ ಕಾರ್ಬನ್ ಇಟ್ಟು ಗ್ಯಾಸನ್ನು ಶುದ್ಧ ಮಾಡದೆ ಇಂಜಿನ್ ಓಡಿಸುವುದು ದುಡ್ಡನ್ನು ನೀರಿಗೆ ಹಾಕಿದ ಹಾಗೆ.

ಎಲ್ಲಕ್ಕಿಂತ ನನಗೆ ಬೇಸರ ತರುವ ಕಾರಣ ಕಾಂಟ್ರಾಕ್ಟು. ಘಟಕ ನಡೆಸುವವರು ಒಬ್ಬರು, ಕರೆಂಟ್ ಬಿಲ್ ಕಟ್ಟುವವರು ಇನ್ನೊಬ್ಬರು ಎಂದಾದರೆ ಡೈಜೆಸ್ಟರ್ ಮೇಲೆ ಕಣ್ಣಿಡುವ ಕಷ್ಟ ಯಾರಿಗೆ ಬೇಕು? ಗ್ಯಾಸನ್ನು ಸುಮ್ನೆ ಸುಟ್ಟು ಬಿಟ್ಟರೂ ನಡೆಸುವವರಿಗೆ ನಷ್ಟವಿಲ್ಲ. ಕಾಂಟ್ರಾಕ್ಟಿನಲ್ಲಿ "ಒಂದು ಕಿಲೋಲೀಟರಿಗೆ ಹೊರಗಿನಿಂದ ಇಷ್ಟೇ ಯೂನಿಟ್ ಕೊಳ್ಳಬೇಕು, ಮಿಕ್ಕರೆ ನಿಮ್ಮ ಜೇಬಿನಿಂದ" ಎಂದು ಒಂದು ಸಾಲು ಬರೆದರೆ ಚಿತ್ರವೇ ಬದಲಾಗುತ್ತದೆ.

ಒಂದು ನಿಜವಾದ ತಾಂತ್ರಿಕ ತೊಡಕೂ ಇದೆ. ಈಗ ಹೊರಗೆ ಬಿಡುವ ನೀರಿನಲ್ಲಿ ಸಾರಜನಕವೂ ಕಡಿಮೆ ಇರಬೇಕು ಎಂದು ಕೇಳುತ್ತಾರೆ. ಅದನ್ನು ತೆಗೆಯುವ ಸೂಕ್ಷ್ಮಜೀವಿಗಳಿಗೆ ಕೊಳೆಯೇ ಆಹಾರ. ಎಲ್ಲ ಕೊಳೆಯನ್ನೂ ಮೊದಲೇ ಡೈಜೆಸ್ಟರ್‌ಗೆ ಕಳಿಸಿದರೆ ಅವು ಉಪವಾಸ ಬೀಳುತ್ತವೆ. ಅದಕ್ಕೇ ಈಚೆಗೆ ಅನೇಕ ಕಡೆ ಮೊದಲು ನಿಲ್ಲಿಸುವ ತೊಟ್ಟಿಯನ್ನೇ ಬಿಟ್ಟು, ಜಾಗವೂ ಕಡಿಮೆ ಸಾಕೆಂದು ಎಸ್‌ಬಿಆರ್ ಕಟ್ಟುತ್ತಾರೆ. ಅದರಲ್ಲಿ ಗಾಳಿ ಊದುವುದು, ಸ್ಲಡ್ಜ್ ಕೂರಿಸುವುದು, ತಿಳಿನೀರು ತೆಗೆಯುವುದು ಒಂದೇ ತೊಟ್ಟಿಯಲ್ಲಿ ಸರದಿಯಂತೆ ನಡೆಯುತ್ತದೆ. ನೀರು ಚೆನ್ನಾಗಿ ಬರುತ್ತದೆ, ಗ್ಯಾಸ್ ಕೈ ತಪ್ಪುತ್ತದೆ.

ಈಗ ನಿಮ್ಮ ಮನೆಯ ಲೆಕ್ಕ. 200 ಕಿಲೋಲೀಟರಿನಲ್ಲಿ ಸಿಓಡಿ ದಿನಕ್ಕೆ 100 ಕಿಲೋ. ದೊಡ್ಡ ಘಟಕದಷ್ಟೇ ಜಾಣತನದಿಂದ ಹಿಡಿದರೂ ಹತ್ತು ಘನ ಮೀಟರ್ ಮೀಥೇನ್. ಸಣ್ಣ ಇಂಜಿನ್‌ಗಳು ಕಾಲು ಭಾಗವನ್ನಷ್ಟೇ ಕರೆಂಟ್ ಮಾಡುತ್ತವೆ. ಸಿಗುವುದು 25 ಯೂನಿಟ್. ಸಣ್ಣ ಎಸ್‌ಟಿಪಿಗಳು ಕಿಲೋಲೀಟರಿಗೆ ಒಂದು ಯೂನಿಟ್ ಸುತ್ತಮುತ್ತ ತಿನ್ನುತ್ತವೆ, ಅಂದರೆ ನಿಮ್ಮದು ದಿನಕ್ಕೆ 200. ಅದೂ ಅಲ್ಲದೆ ಅಪಾರ್ಟ್‌ಮೆಂಟ್ ಎಸ್‌ಟಿಪಿಯಲ್ಲಿ ಸಾಮಾನ್ಯವಾಗಿ ಮೊದಲು ನಿಲ್ಲಿಸುವ ತೊಟ್ಟಿ ಇರುವುದಿಲ್ಲ. ಗಾಳಿಯಲ್ಲೇ ದಿನಗಟ್ಟಲೆ ಸುತ್ತಿದ ಸ್ಲಡ್ಜಿನಲ್ಲಿ ಸಾರ ಉಳಿದಿರುವುದಿಲ್ಲ. ಆ 25 ಕೂಡ ಸಿಗುವುದು ಅನುಮಾನ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೇಸ್‌ಮೆಂಟಿನಲ್ಲಿ ಸ್ಲಡ್ಜ್ ತೊಟ್ಟಿ ಮುಚ್ಚಿ ಗ್ಯಾಸ್ ಹಿಡಿಯುವ ಪ್ರಯೋಗ ಯಾರೂ ಮಾಡಬಾರದು. ಮೀಥೇನ್ ಸಿಡಿಯುತ್ತದೆ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯದು, ಎರಡು ಉಸಿರಿಗೆ ಮನುಷ್ಯ ಬೀಳುತ್ತಾನೆ. ಎಸ್‌ಟಿಪಿ ತೊಟ್ಟಿಗೆ ಇಳಿದು ಜೀವ ಕಳೆದುಕೊಂಡ ಕೆಲಸಗಾರರು ನಮ್ಮ ರಾಜ್ಯದಲ್ಲೇ ಇದ್ದಾರೆ. ನಿಮ್ಮ ಆಪರೇಟರನ್ನು ಯಾವ ಕಾರಣಕ್ಕೂ ತೊಟ್ಟಿಗೆ ಇಳಿಸಬೇಡಿ.

ಗ್ಯಾಸ್ ಬೇಕೇ ಬೇಕು ಎಂದರೆ ಅಡುಗೆಮನೆಯ ಹಸಿ ಕಸದ ಕಡೆ ನೋಡಿ. ನೂರು ಕಿಲೋ ಹಸಿ ಕಸದಿಂದ ಎಂಟು ಹತ್ತು ಘನ ಮೀಟರ್ ಬಯೋಗ್ಯಾಸ್ ಬರುತ್ತದೆ. 360 ಮನೆಗಳಿಂದ ದಿನಕ್ಕೆ 250 ಕಿಲೋ ಸಿಕ್ಕರೆ ಒಂಬತ್ತು ಹತ್ತು ಕಿಲೋ ಎಲ್‌ಪಿಜಿಗೆ ಸಮ. ಎರಡು ದಿನಕ್ಕೆ ಒಂದು ಕಮರ್ಷಿಯಲ್ ಸಿಲಿಂಡರ್ ಉಳಿಯುತ್ತದೆ. ತೆರೆದ ಜಾಗ ಇರಬೇಕು, ಗ್ಯಾಸನ್ನು ಹತ್ತಿರದಲ್ಲೇ ಒಲೆಗೆ ಬಳಸಬೇಕು. ಕರೆಂಟ್ ಮಾಡಲು ಹೋಗಬೇಡಿ.

ಬೆಂಗಳೂರಿನವರಿಗೆ ಇನ್ನೂ ದೊಡ್ಡ ಲೆಕ್ಕ ಒಂದಿದೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಹಂತ ಹಂತವಾಗಿ 500 ಮೀಟರ್‌ನಷ್ಟು ಮೇಲೆ ಎತ್ತುತ್ತಾರೆ. ಒಂದು ಕಿಲೋಲೀಟರನ್ನು ಅಷ್ಟು ಎತ್ತಲು ಪಂಪಿನ ನಷ್ಟ ಸೇರಿ 1.8 ಯೂನಿಟ್ ಬೇಕು. ಅದೇ ಕಿಲೋಲೀಟರ್ ಕೊಳಚೆಯಾದ ಮೇಲೆ ದೊಡ್ಡ ಘಟಕದಲ್ಲಿ ಬಯೋಗ್ಯಾಸಿನಿಂದ ಸಿಗುವುದು 0.19 ಯೂನಿಟ್. ಒಂಬತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ, ಅಲ್ವಾ? ಶುದ್ಧ ಮಾಡಿದ ನೀರು ಹೊಸ ನೀರಿನ ಜಾಗದಲ್ಲಿ ಬಳಕೆಯಾದರೆ ಉಳಿಯುವ ಶಕ್ತಿಯೇ ಇಲ್ಲಿನ ದೊಡ್ಡ ಗಳಿಕೆ. ನಿಮ್ಮ ಕಡೆ ಬೋರ್‌ವೆಲ್, ಟ್ಯಾಂಕರ್ ನೀರು ಜಾಸ್ತಿ ಇರಬಹುದು. 300 ಮೀಟರ್ ಆಳದಿಂದ ಎತ್ತಿದರೂ ಸಬ್‌ಮರ್ಸಿಬಲ್ ಪಂಪ್ ಒಂದೂವರೆ ಯೂನಿಟ್ ಮೇಲೆ ತಿನ್ನುತ್ತದೆ. ಟಾಯ್ಲೆಟ್ ಫ್ಲಶ್, ಗಿಡಗಳು, ಕಾರ್ ತೊಳೆಯುವುದು, ಎಲ್ಲ ಸೇರಿ ದಿನಕ್ಕೆ 100 ಕಿಲೋಲೀಟರ್ ಎಸ್‌ಟಿಪಿ ನೀರು ಬಳಸಿದರೆ ನಿಮ್ಮ ಎಸ್‌ಟಿಪಿ ತಿನ್ನುವ ಕರೆಂಟಿನ ಬಹುಪಾಲು ಅಲ್ಲೇ ವಾಪಸ್ ಬಂದ ಹಾಗೆ. ಟ್ಯಾಂಕರ್ ದುಡ್ಡು ಉಳಿಯುವುದು ಬೇರೆ. ನೀರು ವಾಸನೆ ಬರುತ್ತದೆಂದು ಫ್ಲಶ್ ಲೈನಿಗೂ ಹೊಸ ನೀರು ಬಿಡುವ ಅಪಾರ್ಟ್‌ಮೆಂಟುಗಳಿವೆ. ಅಲ್ಲಿ ಎಸ್‌ಟಿಪಿಗೆ ಹಾಕಿದ ಕರೆಂಟ್ ಪೂರ್ತಿ ಚರಂಡಿ ಪಾಲು.

ಈಗ ಬಿಲ್ ಇಳಿಸುವ ವಿಷಯ. ನಿಮ್ಮ ಗಳಿಕೆ ಇರುವುದು ಬ್ಲೋವರಿನಲ್ಲಿ. ಗಾಳಿ ತೊಟ್ಟಿಯ ಹತ್ತಿರ ನಿಂತು ನೀರಿನ ಮೇಲ್ಮೈ ನೋಡಿ. ಸೋಡಾ ಗ್ಲಾಸಿನ ಹಾಗೆ ಸಣ್ಣ ಗುಳ್ಳೆಗಳು ಎಲ್ಲ ಕಡೆ ಸಮವಾಗಿ ಏಳುತ್ತಿರಬೇಕು. ಒಂದು ಕಡೆ ನೀರು ದೊಡ್ಡದಾಗಿ ಉಕ್ಕುತ್ತಿದ್ದು ಇನ್ನೊಂದು ಮೂಲೆ ಸತ್ತ ಹಾಗಿದ್ದರೆ ಗಾಳಿಯನ್ನು ಸಣ್ಣ ಗುಳ್ಳೆ ಮಾಡಿ ಬಿಡುವ ತಳದ ಡಿಫ್ಯೂಸರ್ ಹರಿದಿದೆ, ಉಳಿದವು ಕಟ್ಟಿಕೊಂಡಿವೆ. ದೊಡ್ಡ ಗುಳ್ಳೆ ಬೇಗ ಮೇಲೆ ಬಂದು ಒಡೆಯುತ್ತದೆ, ಆಮ್ಲಜನಕ ನೀರಿಗೆ ಇಳಿಯುವುದಿಲ್ಲ. ಕರೆಂಟ್ ಮಾತ್ರ ಹೋಗುತ್ತಿರುತ್ತದೆ. ಡಿಫ್ಯೂಸರಿನ ರಬ್ಬರ್ ಪೊರೆಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಬ್ಲೋವರಿನ ಗಾಳಿ ಫಿಲ್ಟರ್ ತೆಗೆದು ನೋಡಿ. ಬೆಲ್ಟ್ ಸಡಿಲವಾಗಿದೆಯಾ ಕೇಳಿ.

ಆಮೇಲೆ ಸಮಯ. ಕೊಳಚೆ ಬರುವುದು ಬೆಳಿಗ್ಗೆ ಆರರಿಂದ ಹತ್ತರವರೆಗೆ ಮತ್ತು ರಾತ್ರಿ ಊಟದ ಹೊತ್ತಿಗೆ ಜಾಸ್ತಿ. ರಾತ್ರಿ ಎರಡು ಗಂಟೆಗೆ ಏನೂ ಇಲ್ಲ. ಬ್ಲೋವರ್ ಮಾತ್ರ ದಿನವಿಡೀ ಒಂದೇ ವೇಗದಲ್ಲಿ ಓಡುತ್ತಿರುತ್ತದೆ. ತೊಟ್ಟಿಯಲ್ಲಿ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇದ್ದರೆ ಸಾಕು. ಐದು ಆರು ತೋರಿಸುತ್ತಿದ್ದರೆ ಅಷ್ಟೂ ಪೋಲು. ನೀರಿನ ಆಮ್ಲಜನಕ ಅಳೆಯುವ ಒಂದು ಡಿಓ ಸೆನ್ಸರ್, ಮೋಟಾರಿನ ವೇಗ ಏರಿಸಿ ಇಳಿಸುವ ಒಂದು ವಿಎಫ್‌ಡಿ ಹಾಕಿಸಿ, ಬೇಕಾದಾಗ ಮಾತ್ರ ವೇಗ ಏರುವ ಹಾಗೆ ಮಾಡಿಸಿ. ಆದರೆ ಬಿಲ್ ಉಳಿಸಲು ಗಂಟೆಗಟ್ಟಲೆ ಬ್ಲೋವರ್ ನಿಲ್ಲಿಸಬೇಡಿ. ತೊಟ್ಟಿ ಕೊಳೆತು ವಾಸನೆ ಬರುತ್ತದೆ, ಸರಿಯಾಗಲು ವಾರಗಳು ಬೇಕು.

ಯಾವುದಕ್ಕೂ ದುಡ್ಡು ಹಾಕುವ ಮೊದಲು ಎಸ್‌ಟಿಪಿಗೆ ಬೇರೆ ಕರೆಂಟ್ ಮೀಟರ್ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಸಬ್‌ಮೀಟರ್ ಹಾಕಿಸಿ. ಒಂದು ತಿಂಗಳು ದಿನಾ ಅದೇ ಹೊತ್ತಿಗೆ ಯೂನಿಟ್, ಒಳಗೆ ಬಂದ ನೀರು, ಫ್ಲಶ್ ಲೈನಿಗೆ ಹೋದ ನೀರು ಬರೆದಿಡಿ. ಬೆಳಿಗ್ಗೆ ಎಂಟಕ್ಕೆ ಮತ್ತು ರಾತ್ರಿ ಎರಡಕ್ಕೆ ತೊಟ್ಟಿಯ ಆಮ್ಲಜನಕ ಎಷ್ಟಿದೆ ಎಂದು ಎರಡು ಮೂರು ಸಲ ಅಳೆಸಿ. ಆ ಅಂಕಿಗಳನ್ನು ಕಳಿಸಿ. ಡಿಫ್ಯೂಸರ್ ಬದಲಿಸಬೇಕಾ, ವಿಎಫ್‌ಡಿ ಸಾಕಾ, ಬ್ಲೋವರೇ ದೊಡ್ಡದಾಯಿತಾ ಎನ್ನುವುದನ್ನು ಆಗ ಖಚಿತವಾಗಿ ಹೇಳಬಹುದು.